ಇನ್‌ವರ್ಡ್ಲಿ ಅಂದರೆ 'ಮನಃಪೂರ್ವಕವಾಗಿ' ಅಂತಲಾ?

ಪುಟ ತಿರುವುವವಳು:
ಇಂಗ್ಲಿಷ್ ಕಾದಂಬರಿಗಳಲ್ಲಿ ಇನ್‌ವರ್ಡ್ಲಿ ಅನ್ನುವ ಪದ ಪದೇ ಪದೇ ಸಿಗುತ್ತದೆ. 'ಹೀ ಗ್ರೋನ್ಡ್ ಇನ್‌ವರ್ಡ್ಲಿ', 'ಶೀ ಸ್ಮೈಲ್ಡ್ ಇನ್‌ವರ್ಡ್ಲಿ', ಈ ಥರ. ನಿಘಂಟಿನಲ್ಲಿ 'ಆಂತರಿಕವಾಗಿ, ಅಂತರಂಗದಲ್ಲಿ' ಅಂತ ಇದೆ. ಅಂತರಂಗ ಅಂದಮೇಲೆ ಹೃದಯದಿಂದ ಬಂದದ್ದು ತಾನೆ? ಹಾಗಾದರೆ ಪತ್ರದಲ್ಲಿ 'ಐ ಇನ್‌ವರ್ಡ್ಲಿ ಥ್ಯಾಂಕ್ ಯೂ' ಅಂತ ಬರೆದರೆ ಮನಃಪೂರ್ವಕ ಧನ್ಯವಾದ ಅಂತ ಆಗುತ್ತದಾ? ಜೊತೆಗೆ, ಇಂಟರ್ನಲಿ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಳೇ ಮೇಷ್ಟ್ರು:
ಆಗಲ್ಲ. ದಯವಿಟ್ಟು ಹಾಗೆ ಬರೆಯಬೇಡಿ. ಓದಿದವರಿಗೆ 'ನಿಮಗೆ ಗೊತ್ತಾಗದ ಹಾಗೆ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿಕೊಂಡೆ' ಅಂತ ಕೇಳಿಸುತ್ತದೆ. ಅದನ್ನೇ ಪತ್ರ ಹಾಕಿ ತಿಳಿಸುವುದು ತಮಾಷೆ ಅಲ್ವಾ! ನಿಮಗೆ ಬೇಕಾದದ್ದು ಸಿನ್ಸಿಯರ್ಲಿ.

ನಿಘಂಟಿನ 'ಆಂತರಿಕವಾಗಿ' ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ 'ಒಳಗೊಳಗೇ' ಇದಕ್ಕೆ ಸರಿಯಾಗಿ ಕೂರುತ್ತದೆ. ಒಳಗೊಳಗೇ ಕುದಿದ, ಒಳಗೊಳಗೇ ನಕ್ಕಳು ಅನ್ನುತ್ತೇವಲ್ಲ, ಅದೇ. ಭಾವನೆ ಎಷ್ಟು ಆಳ, ಎಷ್ಟು ಪ್ರಾಮಾಣಿಕ ಅನ್ನುವುದನ್ನು ಈ ಪದ ಹೇಳುವುದೇ ಇಲ್ಲ. ಮುಖದ ಮೇಲೆ ಅದು ಕಾಣಲಿಲ್ಲ ಅನ್ನುವುದಷ್ಟೇ ಇದರ ಕೆಲಸ. ಅದಕ್ಕೇ ಎಷ್ಟೋ ಸಲ ಔಟ್‌ವರ್ಡ್ಲಿ ಜೊತೆ ಜೋಡಿಯಾಗಿ ಬರುತ್ತದೆ: 'ಔಟ್‌ವರ್ಡ್ಲಿ ಕಾಮ್, ಇನ್‌ವರ್ಡ್ಲಿ ಫ್ಯೂರಿಯಸ್', ಅಂದರೆ ಹೊರಗೆ ಶಾಂತ, ಒಳಗೆ ಕಡುಕೋಪ. ಮೀಟಿಂಗ್ ಇನ್ನೊಂದು ಗಂಟೆ ಇದೆ ಅಂದಾಗ ನೀವು ತಲೆಯಾಡಿಸುತ್ತಾ, ಮನಸ್ಸಿನಲ್ಲಿ ಅಯ್ಯೋ ಅಂದುಕೊಂಡರೆ ಅದು 'ಗ್ರೋನ್ಡ್ ಇನ್‌ವರ್ಡ್ಲಿ'. ಪಕ್ಕದ ಕುರ್ಚಿಯವರಿಗೆ ಆ ಅಯ್ಯೋ ಕೇಳಿಸಿತೋ, ಇನ್‌ವರ್ಡ್ಲಿ ಕಿತ್ತುಹಾಕಿ, ಬರೀ ಗ್ರೋನ್ಡ್ ಸಾಕು.

ಅರ್ಧವಿರಾಮ:
ಇಂಟರ್ನಲಿ ಬಗ್ಗೆ: ಅದು ಹೆಚ್ಚಾಗಿ ದೇಹದ ಒಳಗೆ, ಸಂಸ್ಥೆಯ ಒಳಗೆ ನಡೆಯುವುದಕ್ಕೆ. 'ಬ್ಲೀಡಿಂಗ್ ಇಂಟರ್ನಲಿ' ಅಂದರೆ ಒಳಗೆ ರಕ್ತಸ್ರಾವ, ಅಲ್ಲಿ ಇನ್‌ವರ್ಡ್ಲಿ ಹಾಕಿದರೆ ಡಾಕ್ಟರ್ ಬದಲು ಕವಿ ಬರೆದ ಹಾಗಿರುತ್ತದೆ. ಆದರೆ ಆನ್‌ಲೈನ್‌ನಲ್ಲಿ 'ಸ್ಕ್ರೀಮಿಂಗ್ ಇಂಟರ್ನಲಿ' ಅಂತ ತಮಾಷೆಗೆ ಭಾವನೆಗೂ ಬಳಸುತ್ತಾರೆ, ಅದು ತಪ್ಪೇನಲ್ಲ, ಹರಟೆಯ ಧಾಟಿ ಅಷ್ಟೆ.

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಸೀಕ್ರೆಟ್ಲಿ ಮತ್ತು ಡೀಪ್ ಡೌನ್ ಜೊತೆ. ಸೀಕ್ರೆಟ್ಲಿ ಅಂದರೆ ಬೇಕಂತಲೇ ಮುಚ್ಚಿಟ್ಟದ್ದು, ಮತ್ತು ಅದು ಕೆಲಸಕ್ಕೂ ಆಗುತ್ತದೆ: ಗುಟ್ಟಾಗಿ ಭೇಟಿಯಾದರು ಅನ್ನುವುದಕ್ಕೆ ಸೀಕ್ರೆಟ್ಲಿ ಸರಿ, ಇನ್‌ವರ್ಡ್ಲಿ ಅಲ್ಲಿ ಅರ್ಥವೇ ಆಗಲ್ಲ. ಡೀಪ್ ಡೌನ್ ಇನ್ನೂ ಕೆಳಗಿನ ಪದರ. ತನಗೇ ತಾನು ಒಪ್ಪಿಕೊಳ್ಳದ ವಿಷಯಕ್ಕೂ ಅದು ನಡೆಯುತ್ತದೆ. 'ಡೀಪ್ ಡೌನ್ ಹೀ ನ್ಯೂ' ಅಂದರೆ ಅವನಿಗೆ ಗೊತ್ತಿತ್ತು, ಆದರೆ ಗೊತ್ತಿಲ್ಲದವನ ಹಾಗೆ ಬದುಕುತ್ತಿದ್ದ. ಇನ್‌ವರ್ಡ್ಲಿ ಕೋಪಗೊಂಡವನಿಗೆ ಸಾಮಾನ್ಯವಾಗಿ ತನ್ನ ಕೋಪ ಚೆನ್ನಾಗಿ ಗೊತ್ತಿರುತ್ತದೆ.

ಕೆಂಪು ಪೆನ್ನು:
ಇಬ್ಬರೂ ಹೇಳಿದ್ದು ಸರಿ, ಒಂದು ತಕರಾರು ಮಾತ್ರ. ಬಳಸುವುದು ಹೇಗೆ ಅಂತ ಕಲಿತ ಮೇಲೆ ಕಡಿಮೆ ಬಳಸಿ. ಇದು ಬರವಣಿಗೆಯ ಪದ, ಮಾತಿನಲ್ಲಿ ಯಾರೂ 'ಐ ವಾಸ್ ಇನ್‌ವರ್ಡ್ಲಿ ಸೀದಿಂಗ್' (ಒಳಗೊಳಗೇ ಕುದಿಯುತ್ತಿದ್ದೆ) ಅನ್ನಲ್ಲ, 'ಇನ್‌ಸೈಡ್ ಐ ವಾಸ್ ಸೀದಿಂಗ್' ಅಂತಾರೆ. ಕಥೆಯಲ್ಲೂ ಪಾತ್ರಗಳು ಪುಟಕ್ಕೊಮ್ಮೆ ಇನ್‌ವರ್ಡ್ಲಿ ನಿಟ್ಟುಸಿರು ಬಿಡುತ್ತಿದ್ದರೆ ಓದುಗ ಹೊರಗೇ ನಿಟ್ಟುಸಿರು ಬಿಡುತ್ತಾನೆ. ಇನ್ನೊಂದು ತೊಂದರೆ: ಕಥೆ ಹೇಳುವವನು ಯಾರ ಮನಸ್ಸಿನ ಒಳಗಿದ್ದಾನೋ ಅವನಿಗೆ ಮಾತ್ರ ಇದು ಹೊಂದುತ್ತದೆ. 'ನಾನು ಅವಳನ್ನು ನೋಡಿದೆ, ಅವಳು ಇನ್‌ವರ್ಡ್ಲಿ ನಕ್ಕಳು' ಅಂದರೆ ನಿಮಗೆ ಹೇಗೆ ಗೊತ್ತಾಯಿತು ಸ್ವಾಮಿ?

ಹಳೆಯ ಇಂಗ್ಲಿಷ್ ಓದುವವರಿಗೆ ಒಂದು ಮಾತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಕುರಿವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳು ಇನ್‌ವರ್ಡ್ಲಿ ತೋಳಗಳು ಅಂತ ಬರುತ್ತದೆ. ಅಲ್ಲಿ ಅದು ಆ ಕ್ಷಣದ ಭಾವನೆ ಅಲ್ಲ, ಒಳಗಿನ ನಿಜಸ್ವಭಾವ.

ಪುಟ ತಿರುವುವವಳು:
ಒಳಗೊಳಗೇ ಅಂದ ಕೂಡಲೇ ಅರ್ಥ ಆಯ್ತು. ಕೊನೇ ಪ್ರಶ್ನೆ, ಬಾಗಿಲು ಒಳಮುಖವಾಗಿ ತೆರೆಯುತ್ತದೆ ಅನ್ನುವುದಕ್ಕೂ ಇದೇ ಪದವಾ?

ಅರ್ಧವಿರಾಮ:
ಇಲ್ಲ, ದಿಕ್ಕಿಗೆ ಇನ್‌ವರ್ಡ್ ಅಥವಾ ಇನ್‌ವರ್ಡ್ಸ್. 'ದ ಡೋರ್ ಓಪನ್ಸ್ ಇನ್‌ವರ್ಡ್ಸ್'. ಬಾಗಿಲು ಇನ್‌ವರ್ಡ್ಲಿ ತೆರೆದರೆ ಅದು ಯಾರಿಗೂ ಕಾಣದ ಹಾಗೆ ತೆರೆದುಕೊಂಡಿತು ಅಂತ ಆದೀತು.