ಕಾಂಪೋಸ್ಟ್ ರಾಶಿಗೆ ಏನು ಬೆರೆಸಿದರೆ ಒಳ್ಳೆಯದು? ಅನುಭವ ಇದ್ದವರು ಹೇಳಿ

ಕೇಳಿದವರು: ತರಕಾರಿ ಕಸ, ಕೋಳಿ ಗೊಬ್ಬರ ಸೇರಿಸಿ ದೊಡ್ಡ ಉದ್ದನೆ ರಾಶಿಗಳಲ್ಲಿ ಕಾಂಪೋಸ್ಟ್ ಮಾಡ್ತಿದ್ದೇವೆ. ಮರದ ಹೊಟ್ಟು ಧಾರಾಳವಾಗಿ ಬೆರೆಸಿದ್ದೇವೆ. ಆದರೂ ಬುಡದಲ್ಲಿ ಕೊಳೆತ ನಾತ, ಮಗುಚಿದರೆ ಅಮೋನಿಯಾ ಘಾಟು. ಸುಣ್ಣ ಹಾಕಿ ಅಂತ ಒಬ್ಬರು, ಬಯೋಚಾರ್ (ಗಾಳಿ ಕಡಿಮೆ ಮಾಡಿ ಸುಟ್ಟು ಮಾಡಿದ ಇದ್ದಿಲು) ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಕೊಳೆತ ನಾತ ಬಂದರೆ ಗಾಳಿ ಸಾಲ್ತಿಲ್ಲ. ಘಾಟು ಬಂದರೆ ಸಾರಜನಕ ಜಾಸ್ತಿಯಾಗಿ ಹಾರಿ ಹೋಗ್ತಿದೆ. ಹೊಟ್ಟಿನಲ್ಲಿ ಇಂಗಾಲ ಬೇಕಾದಷ್ಟಿದೆ, ಆದರೆ ನುಣ್ಣಗಿರೋದರಿಂದ ಒದ್ದೆಯಾದ ತಕ್ಷಣ ಒತ್ತಿಕೊಂಡು ಕೂರುತ್ತದೆ. ಗಾಳಿ ಆಡೋಕೆ 3ರಿಂದ 5 ಸೆಂ.ಮೀ. ಮರದ ಚಕ್ಕೆ ಬೇಕು. ಚಕ್ಕೆ ನಿಧಾನಕ್ಕೆ ಕರಗುತ್ತದೆ, ಹಾಗಾಗಿ ಕೊನೆಗೆ ಜರಡಿ ಹಿಡಿದು ಮುಂದಿನ ರಾಶಿಗೆ ಮತ್ತೆ ಹಾಕಬಹುದು.

ಎಷ್ಟು ಚಕ್ಕೆ ಅನ್ನೋದಕ್ಕೆ ಒಂದು ಬಕೆಟ್ ಸಾಕು. ಬೆರೆಸಿದ ಮಾಲನ್ನು ಮೂರು ಸಲವಾಗಿ ತುಂಬಿ, ಪ್ರತಿ ಸಲ ಬಕೆಟನ್ನು ನೆಲಕ್ಕೆ ಹತ್ತು ಸಲ ಕುಕ್ಕಿ. ಬಾಯಿ ಮಟ್ಟ ತುಂಬಿದ ಮೇಲೆ ಅಳೆದು ನೀರು ಹೊಯ್ಯಿರಿ. ಹಿಡಿದ ನೀರಿನಷ್ಟೇ ಮಾಲಿನ ಸಂದುಗಳಲ್ಲಿ ಗಾಳಿಗೆ ಜಾಗ ಇದೆ ಅಂತ ಅರ್ಥ; ಬಕೆಟಿನ ಅರ್ಧದಷ್ಟು ಹಿಡಿದರೆ ಹದ ಸರಿ. ಅದಕ್ಕಿಂತ ತೀರಾ ಕಡಿಮೆ ಹಿಡಿದರೆ ಚಕ್ಕೆ ಸೇರಿಸಿ. ತೇವ 50-60 ಶೇಕಡಾ ಇರಲಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ.

ಇನ್ನೊಬ್ಬರು: ಸುಣ್ಣ ಮಾತ್ರ ಈಗ ಬೇಡ. ಅದು ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸುತ್ತದೆ; ಪಿಎಚ್ ಏರಿದಷ್ಟೂ ಅಮೋನಿಯಾ ಜಾಸ್ತಿ ಹಾರುತ್ತದೆ, ಘಾಟು ಕಡಿಮೆ ಆಗೋದಿಲ್ಲ. ಊಟದ ಕಸ ಹುಳಿಯಾಗಿ, ರಾಶಿ ಬಿಸಿ ಏರದೆ ನಿಂತಾಗ ಸ್ವಲ್ಪ ಸುಣ್ಣ ಕೆಲಸಕ್ಕೆ ಬರುತ್ತದೆ ಅನ್ನೋದು ನಿಜ. ನಿಮ್ಮದು ಆ ಕಥೆ ಅಲ್ವಲ್ಲ. ಜಿಪ್ಸಂ ಆದರೆ ಪಿಎಚ್ ಏರಿಸುವುದಿಲ್ಲ, ಅಮೋನಿಯಾ ಹಾರೋದನ್ನೂ ತಗ್ಗಿಸುತ್ತದೆ. ಕೋಳಿ ಗೊಬ್ಬರದ ಪಾಲನ್ನೂ ಇಳಿಸಿ. ಇಂಗಾಲ-ಸಾರಜನಕ ಪ್ರಮಾಣ 25-30ಕ್ಕೆ 1ರ ಹತ್ತಿರ ಬರಲಿ.

ಕೇಳಿದವರು: ಹಾಗಾದ್ರೆ ಬಯೋಚಾರ್?

ಮತ್ತೊಬ್ಬರು: ಒಳ್ಳೆಯ ಮಾಲೇ. ನೂರಕ್ಕೆ 5-10 ಪಾಲು ಸಾಕು, ಅದರ ಸಣ್ಣ ಸಣ್ಣ ರಂಧ್ರಗಳು ಅಮೋನಿಯಾ ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಬಕೆಟ್ ಪರೀಕ್ಷೆಯಲ್ಲೇ ಫೇಲಾದ ರಾಶಿಗೆ ಸುರಿದರೆ ಸುಮ್ನೆ ದುಡ್ಡು ದಂಡ. ಮೊದಲು ಚಕ್ಕೆ ಹಾಕಿ, ಆಮೇಲೆ ನೋಡಿ. ಅಲ್ಲಿಯವರೆಗೆ ಜರಡಿ ಹಿಡಿದ ಹಳೇ ಕಾಂಪೋಸ್ಟನ್ನು ರಾಶಿಯ ಮೇಲೆ ಒಂದು ಗೇಣು ದಪ್ಪ ಹೊದಿಸಿ, ವಾಸನೆಯನ್ನು ಅದೇ ಬಹಳಷ್ಟು ಹೀರುತ್ತದೆ.

ಮೊದಲು ಉತ್ತರಿಸಿದವರು: ಒಂದು ಬಿಟ್ಟುಹೋಯ್ತು. ಪ್ಲೈವುಡ್, ಬಣ್ಣ ಬಳಿದ ಮರ, ಔಷಧಿ ಹೊಡೆದ ಮರದ ಚಕ್ಕೆಯನ್ನು ಪುಕ್ಕಟೆ ಕೊಟ್ಟರೂ ತಗೋಬೇಡಿ.