ಪದ ಬೇಕು (ತುರ್ತು): ರಿಲೇಟಿವ್ ಅಬಂಡನ್ಸ್

ಗೆಳೆಯರೇ, ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು. ಮನುಷ್ಯರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಡೇಟಾ ತೋರಿಸುವ ಡ್ಯಾಶ್‌ಬೋರ್ಡ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೆರೆಯ ಮೇಲೆ ಮೈಯ ಚಿತ್ರ ಇದೆ. ಹಣೆ ಒತ್ತಿದರೆ ಬಣ್ಣದ ಪಟ್ಟಿಗಳ ಒಂದು ಕಂಬ ಬರುತ್ತದೆ, ಅದರಲ್ಲಿ ಕ್ಯುಟಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಬಣ್ಣವೇ ಜಾಸ್ತಿ. ಕಂಕುಳು ಒತ್ತಿದರೆ ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಬಣ್ಣಗಳು ದಪ್ಪವಾಗುತ್ತವೆ. ಕಂಬದ ಪಕ್ಕ "ರಿಲೇಟಿವ್ ಅಬಂಡನ್ಸ್, ಶೇಕಡಾ" ಎಂದಿದೆ. ಒಬ್ಬರು "ಸಾಪೇಕ್ಷ ಸಮೃದ್ಧಿ" ಅಂತ ಬರೆದುಕೊಟ್ಟರು. ಸಮೃದ್ಧಿ ಅಂದ ಕೂಡಲೇ ನನಗೆ ಮಳೆ, ಬೆಳೆ ನೆನಪಾಗುತ್ತದೆ. ಇನ್ನೊಂದು ಪದ: ಹೀಗೆ ಒತ್ತಿದರೆ ಬದಲಾಗುವುದಕ್ಕೆ ಹೇಳುವ "ಇಂಟರ್‌ಆಕ್ಟಿವ್"ಗೆ ಸಂವಾದಾತ್ಮಕ ಸರಿ ಹೋಗುತ್ತಾ?

ಮರು:
ಪಾಲು ಅಂತ ಹಾಕಿ. ಸಮೃದ್ಧಿ ಬೇಡವೇ ಬೇಡ, ಅದು ಓದುವವರನ್ನು ದಾರಿ ತಪ್ಪಿಸುತ್ತದೆ. ಆ ಕಂಬ ಎಷ್ಟು ಜೀವಿಗಳಿವೆ ಅಂತ ಹೇಳುವುದಿಲ್ಲ, ಒಟ್ಟಿನಲ್ಲಿ ಯಾರದ್ದು ಎಷ್ಟು ಅಂತ ಹೇಳುತ್ತದೆ. ಹಣೆಯ ಮೇಲೆ ಕ್ಯುಟಿಬ್ಯಾಕ್ಟೀರಿಯಂ 80, ಉಳಿದವು 20 ಇವೆ ಅಂದುಕೊಳ್ಳಿ. ಮೊದಲನೆಯದು 20ಕ್ಕೆ ಇಳಿದರೆ ಉಳಿದವುಗಳ ಪಾಲು ಶೇ. 20ರಿಂದ ಶೇ. 50ಕ್ಕೆ ಏರುತ್ತದೆ. ಅವು ಒಂದೂ ಹೆಚ್ಚಾಗಿಲ್ಲ, ಅಲ್ವಾ? "ಸಮೃದ್ಧಿ ಏರಿತು" ಅಂದರೆ ಸುಳ್ಳು. "ಪಾಲು ಏರಿತು" ಅಂದರೆ ನಿಜ.

ಸಂವಾದಾತ್ಮಕವನ್ನು ಸುಮ್ನೆ ಬಿಟ್ಟುಬಿಡಿ. ಅಲ್ಲಿ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ. "ಮೈಯ ಯಾವ ಜಾಗ ಬೇಕೋ ಅದನ್ನು ಒತ್ತಿ" ಎಂದು ಬರೆದರೆ ಆ ಪದದ ಕೆಲಸ ಮುಗಿಯಿತು.

ಮರು:
ಪಾಲು ಅಚ್ಚಗನ್ನಡ ಅಲ್ಲ. ಹಳಗನ್ನಡದ ಪಾಲ್ ಹಾಲು ಆಯಿತು, ಪತ್ತು ಹತ್ತಾಯಿತು, ಪೆಸರ್ ಹೆಸರಾಯಿತು. ಇದೊಂದು ಪಕಾರ ಹಾಗೇ ಉಳಿದಿದೆ ಅಂದರೆ ನೆರೆಯ ನುಡಿಯಿಂದ ಬಂದದ್ದು. ಇನ್ನು ಚರ್ಮ ಯಾಕೆ? ತೊಗಲು ಇಲ್ಲವೇ? ಡೇಟಾ, ಡ್ಯಾಶ್‌ಬೋರ್ಡ್, ಬಾಯಿಗೆ ಬಾರದ ಆ ಬ್ಯಾಕ್ಟೀರಿಯಾ ಹೆಸರುಗಳು, ಇಷ್ಟೆಲ್ಲ ಎರವಲು ತಂದ ಮೇಲೆ ಕನ್ನಡದ್ದು ಅಂತ ಉಳಿಯುವುದು ಏನು?

ಮರು:
ಒಪ್ಪುವುದಿಲ್ಲ. ಪಡೆ ಕೂಡ ಪಕಾರ ಉಳಿಸಿಕೊಂಡಿದೆ, ಅದನ್ನೂ ಹೊರಗೆ ಹಾಕುತ್ತೀರಾ? ಭಾಗ ಎನ್ನುವ ಅರ್ಥದ ಪಾಲ್ ಹಳಗನ್ನಡದಲ್ಲೇ ಇದೆ. ಹಾಲಿನಿಂದ ದೂರ ಇರಲೆಂದೇ ಇದು ಪಕಾರ ಬಿಡಲಿಲ್ಲ ಎಂಬುದು ನನ್ನ ಊಹೆ.

ತೊಗಲು ಒಳ್ಳೆಯ ಪದ. ಆದರೆ ಕಿವಿಗೆ ಮೊದಲು ಬೀಳುವುದು ಸುಲಿದು ಹದ ಮಾಡಿದ್ದು, ತೊಗಲಿನ ಚೀಲ. ಬದುಕಿರುವವರ ಹಣೆಗೆ ಚರ್ಮವೇ ಇರಲಿ.

ಬ್ಯಾಕ್ಟೀರಿಯಾ ಹೆಸರುಗಳನ್ನು ಮುಟ್ಟಲೇಬಾರದು. ಸ್ಟ್ಯಾಫಿಲೊಕಾಕಸ್ ಗ್ರೀಕಿನದು, ದ್ರಾಕ್ಷಿ ಗೊಂಚಲು ಎಂಬ ಪದದಿಂದ ಕಟ್ಟಿದ್ದು. ಇಂಗ್ಲಿಷಿನವರಿಗೂ ಅದು ಎರವಲೇ. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ 2016ರವರೆಗೆ ಪ್ರೊಪಿಯೊನಿಬ್ಯಾಕ್ಟೀರಿಯಂ ಆಗಿತ್ತು. ಆ ಹಳೆಯ ಹೆಸರಿಗೆ ಒಂದು ಕನ್ನಡ ಪದ ಕಟ್ಟಿಟ್ಟಿದ್ದರೆ ಇವತ್ತು ಹೊಸ ಲೇಖನದಲ್ಲಿ ಅದನ್ನು ಹುಡುಕುವವರ ಗತಿ ಏನು? ಮಾತಿಗೆ ಬೇಕಾದಲ್ಲಿ ಕನ್ನಡ ಕಟ್ಟೋಣ, ಗುರುತಿಗೆ ಇಟ್ಟ ಹೆಸರನ್ನು ಹಾಗೇ ಬಿಡೋಣ.

ಮರು:
ಕಂಬದ ಪಕ್ಕ "ಪಾಲು (ಶೇ.)" ಹಾಕಿದೆ. ಕೆಳಗೆ "ಇದು ಎಣಿಕೆಯಲ್ಲ, ಒಟ್ಟಿನಲ್ಲಿ ಪ್ರತಿಯೊಂದರ ಪಾಲು" ಎಂಬ ಸಾಲು ಸೇರಿಸಿದೆ. ಸಂವಾದಾತ್ಮಕ ತೆಗೆದೆ. ಡ್ಯಾಶ್‌ಬೋರ್ಡ್ ಹಾಗೇ ಇದೆ. ಎಲ್ಲರಿಗೂ ವಂದನೆ.