ನೀರಿಲ್ಲದ ಬೇಸಿಗೆಯಲ್ಲಿ ಕೇಪುಳ (ಕೆಂಪು ಗೊಂಚಲಿನ ಇಕ್ಸೋರಾ ಹೂಗಿಡ) ಬೆಳೆಸಿದವರು ಇದ್ದೀರಾ?

ಮನೆ ಸುರತ್ಕಲ್ ಹತ್ತಿರ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಜಾಗ. ಮಾರ್ಚ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ನನಗೂ ಅತ್ತೆಗೂ ಗುಡ್ಡೆಯ ಕೇಪುಳ ನೆಡುವ ಆಸೆ. ಬೆಳೆಸಿದವರು ಹೇಗೆ ಮಾಡಿದಿರಿ, ಹೇಳ್ತೀರಾ?

ಉಡುಪಿಯಿಂದ:
ಖಂಡಿತ ನೆಡಿ ಅಕ್ಕ. ಒಮ್ಮೆ ಬೇರೂರಿದ ಮೇಲೆ ಬೇಸಿಗೆಯ ಚಿಂತೆ ಬೇಡ. ಗುಡ್ಡೆಯಲ್ಲಿ ಅದಕ್ಕೆ ಯಾರು ನೀರು ಹಾಕುತ್ತಾರೆ? ಆದರೂ ಉರಿಬಿಸಿಲಲ್ಲೇ ಕೆಂಪಗೆ ಹೂ ಬಿಡುತ್ತದೆ. ಜಾಸ್ತಿ ಯೋಚಿಸಬೇಕಾದ್ದು ಮಳೆಗಾಲದ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಮ್ಮಲ್ಲಿ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಮುರಕಲ್ಲು ಕಡಿದು ಮಾಡಿದ ಗುಂಡಿ ಬಾನಿಯ ಹಾಗೆ ನೀರು ಹಿಡಿದು ನಿಂತರೆ ಬೇರು ಕೊಳೆತು ಹೋಗುತ್ತದೆ. ಇಳಿಜಾರು ನೋಡಿ, ಮಣ್ಣು ಸ್ವಲ್ಪ ಏರಿಸಿ, ಚೆನ್ನಾಗಿ ಬಿಸಿಲು ಬೀಳುವಲ್ಲಿ ನೆಡಿ.

ಗುಡ್ಡೆಯಿಂದ ಗಿಡ ಮಾತ್ರ ಕೀಳಬೇಡಿ, ದಯವಿಟ್ಟು. ಬೇರು ಕಲ್ಲಿನ ಬಿರುಕಿಗೆ ಇಳಿದಿರುತ್ತದೆ, ಎಳೆದರೆ ತುಂಡಾಗುತ್ತದೆ. ಅಲ್ಲಿಯ ಗಿಡವೂ ಹೋಯಿತು, ಇಲ್ಲಿಯದೂ ಬದುಕಲಿಲ್ಲ. ಮಳೆ ಹಿಡಿದ ಮೇಲೆ ಗೇಣುದ್ದದ ಗೆಲ್ಲು ತನ್ನಿ, ತೀರಾ ಎಳತೂ ಬೇಡ, ಪೂರ್ತಿ ಬಲಿತದ್ದೂ ಬೇಡ. ನೆರಳಲ್ಲಿ ಊರಿ. ಬೇರು ಬರುವುದು ನಿಧಾನ, ಸುಮ್ನೆ ಅಲ್ಲಾಡಿಸಿ ನೋಡಬೇಡಿ. ನೆಟ್ಟ ಮೊದಲ ಬೇಸಿಗೆಗೆ ನೀರು ಬೇಕೇ ಬೇಕು. ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಹರಡಿದರೆ ಅಕ್ಕಿ ತೊಳೆದ ನೀರಿನಲ್ಲೂ ಸುಧಾರಿಸುತ್ತದೆ.

ಮಂಗಳೂರಿನಿಂದ:
ಸಿಮೆಂಟ್ ಕಂಪೌಂಡಿಗೆ ತಾಗಿಸಿ ನೆಡಬೇಡಿ. ನಮ್ಮ ಬೀದಿಯಲ್ಲಿ ಹಾಗಿರುವ ಗಿಡದ ಎಳೆ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಕೇಪುಳಕ್ಕೆ ಹುಳಿ ಮಣ್ಣು ಬೇಕು. ಗೋಡೆಯ ಸುಣ್ಣ ಇಳಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೇ ಒಲೆಯ ಬೂದಿಯೂ ಬೇಡ.

ಮೂಲ್ಕಿಯಿಂದ:
ನರ್ಸರಿಯಿಂದ ತರುವುದಾದರೆ ಹೂ ಹತ್ತಿರ ಹಿಡಿದು ನೋಡಿ. ನಮ್ಮ ಕೇಪುಳದ ನಾಲ್ಕೂ ದಳಗಳ ತುದಿ ಚೂಪು, ಎಲೆಗೆ ತೊಟ್ಟೇ ಇಲ್ಲವೇನೋ ಅನ್ನುವಷ್ಟು ಕಾಂಡಕ್ಕೆ ಅಂಟಿರುತ್ತದೆ. ದಳದ ತುದಿ ದುಂಡಗಿದ್ದರೆ ಅದು ಬೇರೆ ಜಾತಿ, ನೋಡಲು ಚಂದವೇ, ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ? ಗೆಲ್ಲು ಸವರುವುದಿದ್ದರೆ ಹೂ ಮುಗಿದ ಮೇಲೆ ಸವರಿ, ಹೊಸ ಚಿಗುರಿನ ತುದಿಯಲ್ಲೇ ಹೂ ಬರುವುದು. ಗೊಂಚಲನ್ನೆಲ್ಲ ಪೂಜೆಗೆ ಕೊಯ್ದು ಮುಗಿಸಬೇಡಿ, ನಾಲ್ಕು ಬಿಡಿ. ಹಣ್ಣು ಕೆಂಪು ದಾಟಿ ಕಪ್ಪಾಗುತ್ತಾ ಬಂದಾಗ ಒಳ್ಳೆ ಸಿಹಿ. ಮಕ್ಕಳಿಗೂ ಆಯಿತು, ಪಿಕಳಾರಕ್ಕೂ ಆಯಿತು.

ಸುರತ್ಕಲ್ ನಮಗೆ ದೂರ ಏನಲ್ಲ. ಜೂನ್‌ನಲ್ಲಿ ಬನ್ನಿ, ಗೆಲ್ಲು ಕೊಡುತ್ತೇನೆ.